ಮೊದಲ ಮಗುವಿಗೆ ಕಾಯಿಲೆ ಬಂದರೆ ಮುಂದಿನ ಮೂರು ಪಾರೇ?

ಪ್ರಶ್ನೆ: ತಂದೆ ತಾಯಿ ಇಬ್ಬರೂ ತಲಸ್ಸೇಮಿಯಾ ವಾಹಕರು. ಮೊದಲ ಮಗುವಿಗೆ ಕಾಯಿಲೆ ಇದೆ. 3:1 ಲೆಕ್ಕದಲ್ಲಿ ಮುಂದಿನ ಮೂರು ಮಕ್ಕಳಿಗೆ ಬರುವುದಿಲ್ಲ ತಾನೇ?

ಬರಬಹುದು. ಎರಡನೆಯ ಮಗುವಿಗೂ ಅಪಾಯ 25%, ಮೂರನೆಯದಕ್ಕೂ ಅಷ್ಟೇ. ತಲಸ್ಸೇಮಿಯಾ ಅನುವಂಶೀಯವಾಗಿ ಬರುವ ರಕ್ತದ ಕಾಯಿಲೆ. ವಾಹಕರಲ್ಲಿ ಜೀನ್‌ನ ಎರಡು ಪ್ರತಿಗಳಲ್ಲಿ ಒಂದು ಮಾತ್ರ ಕೆಟ್ಟಿರುತ್ತದೆ, ಅವರಿಗೆ ಕಾಯಿಲೆ ಇರುವುದಿಲ್ಲ; ಇಬ್ಬರಿಂದಲೂ ಕೆಟ್ಟ ಪ್ರತಿ ಪಡೆದ ಮಗುವಿಗೆ ಕಾಯಿಲೆ. ಅನುವಂಶೀಯತೆಯ ಪಾಠ ಮುಗಿದ ವಾರ ಈ ಪ್ರಶ್ನೆ ತಪ್ಪದೆ ಬರುತ್ತದೆ. ಕೇಳುವವರು ಪನ್ನೆಟ್ ಚೌಕವನ್ನು, ಅಂದರೆ ತಂದೆ ತಾಯಿಯ ಜೀನ್‌ಗಳು ಮಗುವಿನಲ್ಲಿ ಹೇಗೆಲ್ಲ ಕೂಡಬಹುದೆಂದು ತೋರಿಸುವ ಪಟ್ಟಿಯನ್ನು, ಅಚ್ಚುಕಟ್ಟಾಗಿ ಬಿಡಿಸುವವರೇ! ನಾಲ್ಕು ಮನೆ ಕಂಡೊಡನೆ ನಾಲ್ಕು ಮಕ್ಕಳು ಎಂದುಕೊಂಡುಬಿಡುತ್ತಾರೆ. ಆ ನಾಲ್ಕೂ ಮನೆ ಸೇರಿ ಹೇಳುವುದು ಒಂದೇ ಮಗುವಿನ ವಿಷಯ: ಅದು ಯಾವ ಮನೆಗೆ ಬೀಳಬಹುದು ಎಂಬುದನ್ನು. ಮುಂದಿನ ಮಗುವಿಗೆ ಚೌಕವನ್ನು ಮತ್ತೆ ಮೊದಲಿನಿಂದ ಬರೆಯಬೇಕು. ಚೌಕಾಬಾರದ ಕವಡೆಗೆ ಹಿಂದಿನ ಸಲ ಏನು ಬಿತ್ತೆಂಬ ನೆನಪು ಇರುತ್ತದೆಯೇ? ಅಂಡಾಣು, ವೀರ್ಯಾಣುಗಳಿಗೂ ಇಲ್ಲ.

ಲೆಕ್ಕ ಹಾಕಿಯೇ ನೋಡಿ. ಇಂಥ ದಂಪತಿಗೆ ನಾಲ್ಕು ಮಕ್ಕಳಾದರೆ ಸರಿಯಾಗಿ ಒಂದಕ್ಕೆ ಮಾತ್ರ ಕಾಯಿಲೆ ಬರುವ ಸಾಧ್ಯತೆ 256ರಲ್ಲಿ 108, ಅಂದರೆ ಸುಮಾರು 42%. ಅರ್ಧವೂ ಆಗಲಿಲ್ಲ! ಒಂದಕ್ಕೂ ಬಾರದಿರುವುದು 81. ಎರಡು ಅಥವಾ ಹೆಚ್ಚು ಮಕ್ಕಳಿಗೆ ಬರುವುದು 67.

ನಂಬಿಕೆ ಬಾರದಿದ್ದರೆ ಎರಡು ನಾಣ್ಯ ತೆಗೆದುಕೊಳ್ಳಿ, ಒಂದು ತಾಯಿಯದು, ಒಂದು ತಂದೆಯದು. ಎರಡೂ ಹಿಂಬದಿ ಬಿದ್ದರೆ ಕಾಯಿಲೆಯ ಮಗು. ನಾಲ್ಕು ಸಲ ಎಸೆದರೆ ಒಂದು ಕುಟುಂಬ. 40 ಮಂದಿಯ ತರಗತಿಯಲ್ಲಿ ಹೆಚ್ಚುಕಡಿಮೆ 17 ಕುಟುಂಬಗಳಲ್ಲಷ್ಟೇ 'ಮೂರು ಮತ್ತು ಒಂದು' ಸಿಗುತ್ತದೆ. ಸಿಗದವರು ಪ್ರಯೋಗ ತಪ್ಪಾಯಿತೆಂದು ಹೆದರಿ ರೆಕಾರ್ಡ್ ಪುಸ್ತಕದಲ್ಲಿ ಅಂಕಿ ತಿದ್ದುತ್ತಾರೆ. ದಯವಿಟ್ಟು ತಿದ್ದಬೇಡಿ. ಬಟಾಣಿ ಬೆಳೆಸಿ ಅನುವಂಶೀಯತೆಯ ನಿಯಮ ಕಂಡುಕೊಂಡ ಮೆಂಡಲ್ ತಿದ್ದದೆ ಬರೆದಿಟ್ಟ ಅಂಕಿಗಳಿವೆ: ಅವರ ಒಂದು ಬಟಾಣಿ ಗಿಡದಲ್ಲಿ 43 ದುಂಡು ಕಾಳಿಗೆ ಸುಕ್ಕಿನವು ಎರಡೇ, ಇನ್ನೊಂದರಲ್ಲಿ 14 ದುಂಡು, 15 ಸುಕ್ಕು. 253 ಗಿಡಗಳ 7,324 ಕಾಳು ಎಣಿಸಿದ ಮೇಲೆ 5,474 ದುಂಡು, 1,850 ಸುಕ್ಕು ಬಂದವು. ಅನುಪಾತ 2.96:1. ಅಷ್ಟು ರಾಶಿ ಹಾಕಿದ ಮೇಲೆ ಕಾಣುವ ಸಂಖ್ಯೆಯನ್ನು ಒಂದು ಮನೆಯ ಮಕ್ಕಳಲ್ಲಿ ಹುಡುಕಿದರೆ ಹೇಗೆ?

ಇಂಥ ದಂಪತಿ ಪ್ರತಿ ಗರ್ಭದಲ್ಲೂ 11ನೇ ವಾರದ ಸುಮಾರಿಗೆ ಭ್ರೂಣದ ಪರೀಕ್ಷೆಗೆ ವೈದ್ಯರನ್ನು ಕೇಳಬೇಕು. ಕಾಯಿಲೆಯ ಮಗುವಿನ ಆರೋಗ್ಯವಾಗಿರುವ ಅಣ್ಣ ತಂಗಿಯರು ವಾಹಕರಾಗಿರುವ ಸಾಧ್ಯತೆ ಮೂರರಲ್ಲಿ ಎರಡು. ಉತ್ತರಪತ್ರಿಕೆಯಲ್ಲಿ ಅರ್ಧ ಎಂದು ಬರೆದು ಅಂಕ ಕಳೆದುಕೊಳ್ಳುವವರು ಬಹಳ. ಆರೋಗ್ಯವಂತರೆಂದು ಗೊತ್ತಾದ ಮೇಲೆ ಕಾಯಿಲೆಯ ಮನೆಯನ್ನು ಹೊಡೆದುಹಾಕಬೇಕು, ಉಳಿಯುವುದು ಮೂರೇ ಮನೆ, ಅದರಲ್ಲಿ ಎರಡು ವಾಹಕರವು.

ಸುಕ್ಕಿನ ಮಾತು ಬಂತಲ್ಲ, ಯಾರೂ ಕೇಳದಿದ್ದರೂ ಹೇಳಿಬಿಡುತ್ತೇನೆ. 'ಪ್ರಬಲ' ಗುಣ 'ದುರ್ಬಲ' ಗುಣವನ್ನು ಅದುಮಿ ಕೂರುತ್ತದೆ ಎಂದು ಬರೆಯುವುದುಂಟು. ಕಾಳಿನೊಳಗೆ ಅಂಥ ಕುಸ್ತಿ ನಡೆಯುವುದಿಲ್ಲ. ಸುಕ್ಕಿನ ಜೀನ್‌ನಲ್ಲಿ ಸುಮಾರು 800 ಡಿಎನ್‌ಎ ಅಕ್ಷರಗಳ ಒಂದು ತುಂಡು ನಡುವೆ ಸೇರಿಕೊಂಡು, ಪಿಷ್ಟಕ್ಕೆ ಕವಲು ಮೂಡಿಸುವ ಕಿಣ್ವ ಕೆಟ್ಟಿದೆ. 1990ರಲ್ಲಿ ಇದು ಪತ್ತೆಯಾಯಿತು. ಪಿಷ್ಟ ಕಡಿಮೆಯಾಗಿ ಸಕ್ಕರೆ ಉಳಿಯುತ್ತದೆ, ಸಕ್ಕರೆ ನೀರೆಳೆದು ಕಾಳು ಉಬ್ಬುತ್ತದೆ, ಒಣಗಿದಾಗ ಸಿಪ್ಪೆ ಸುಕ್ಕಾಗುತ್ತದೆ. ಒಂದೇ ಒಂದು ಸರಿಯಾದ ಪ್ರತಿ ಇದ್ದರೂ ಕಾಳು ದುಂಡಗಾಗುವಷ್ಟು ಕಿಣ್ವ ಸಿಗುತ್ತದೆ, ಅಷ್ಟೇ. ಆ ಮಿಶ್ರತಳಿಯ ದುಂಡು ಕಾಳಿನ ಪಿಷ್ಟವನ್ನು ಸೂಕ್ಷ್ಮದರ್ಶಕದಡಿ ಇಟ್ಟರೆ ಕಣಗಳು ಪೂರ್ತಿ ದುಂಡು ಕಾಳಿನಂತೆಯೂ ಇರುವುದಿಲ್ಲ, ಸುಕ್ಕು ಕಾಳಿನಂತೆಯೂ ಇರುವುದಿಲ್ಲ, ಎರಡರ ನಡುವೆ ಇರುತ್ತವೆ.