ಹಾಸಿಗೆ ಹುಣ್ಣು: ಮೂಳೆಯ ಬಳಿ ಶುರುವಾಗುವ ಗಾಯ

ದೇಹದ ಒಂದೇ ಭಾಗದ ಮೇಲೆ ಬಹಳ ಹೊತ್ತು ಭಾರ ಬಿದ್ದು, ಅಲ್ಲಿಯ ಚರ್ಮವೂ ಅದರಡಿಯ ಮಾಂಸವೂ ರಕ್ತ ಸಿಗದೆ ಸಾಯುವುದರಿಂದ ಆಗುವ ಗಾಯವೇ ಹಾಸಿಗೆ ಹುಣ್ಣು, ಅಂದರೆ ಬೆಡ್‌ಸೋರ್. ಆರೋಗ್ಯವಂತರು ನಿದ್ದೆಯಲ್ಲೂ ತಮಗರಿವಿಲ್ಲದೆ ಮಗ್ಗಲು ಬದಲಿಸುತ್ತಾರೆ. ಪಾರ್ಶ್ವವಾಯು ಬಡಿದವರಿಗೆ, ಬೆನ್ನುಹುರಿಗೆ ಪೆಟ್ಟಾದವರಿಗೆ, ಪ್ರಜ್ಞೆ ತಪ್ಪಿದವರಿಗೆ ಅದು ಸಾಧ್ಯವಾಗುವುದಿಲ್ಲ.

ಹಾಸಿಗೆಗೂ ಮೂಳೆಗೂ ನಡುವೆ ಸಿಕ್ಕಿದ ಮಾಂಸದಲ್ಲಿ ಒತ್ತಡವು ಮೂಳೆಗೆ ಅಂಟಿದ ಕಡೆಯೇ ಹೆಚ್ಚು, ಮತ್ತು ರಕ್ತದ ಕೊರತೆಯನ್ನು ಸ್ನಾಯುವು ಚರ್ಮದಷ್ಟು ತಾಳಿಕೊಳ್ಳುವುದಿಲ್ಲ. ಆದ್ದರಿಂದಲೇ ಬೆನ್ನಿನ ತಳ, ಸೊಂಟದ ಪಕ್ಕ, ಹಿಮ್ಮಡಿಗಳಲ್ಲಿ ಮೇಲೆ ಚಿಕ್ಕದಾಗಿ ಕಂಡ ಗಾಯ ಒಳಗೆ ಅಗಲವಾಗಿ ಹರಡಿರುವುದುಂಟು. ಲೋಮನಾಳಗಳು, ಅಂದರೆ ಕೂದಲೆಳೆಯಂಥ ಅತಿ ಸಣ್ಣ ರಕ್ತನಾಳಗಳು, ಮುಚ್ಚಿಕೊಳ್ಳಲು 32 ಮಿಲಿಮೀಟರ್ ಪಾದರಸದಷ್ಟು ಒತ್ತಡ ಸಾಕೆಂದು ಪಠ್ಯಪುಸ್ತಕಗಳು ಹೇಳುತ್ತವೆಯಾದರೂ, ಈ ಅಂಕಿ ಎಲ್ಲರಿಗೂ ಒಂದೇ ಅಲ್ಲ. ರಕ್ತದೊತ್ತಡ ಕುಸಿದ ರೋಗಿಯಲ್ಲಿ ಅದಕ್ಕಿಂತ ಕಡಿಮೆ ಒತ್ತಡವೂ ಹಾನಿ ಮಾಡಬಲ್ಲದು.

ಮೊದಲ ಹಂತದಲ್ಲಿ ಚರ್ಮ ಒಡೆದಿರುವುದಿಲ್ಲ, ಕೆಂಪಾಗಿರುತ್ತದೆ; ಬೆರಳಿನಿಂದ ಒತ್ತಿದರೂ ಆ ಕೆಂಪು ಬಿಳಿಚಿಕೊಳ್ಳುವುದಿಲ್ಲ. ಆದರೆ ನಮ್ಮಲ್ಲಿ ಅನೇಕರ ಕಪ್ಪು ಮೈಬಣ್ಣದಲ್ಲಿ ಈ ಕೆಂಪು ಕಾಣುವುದೇ ಇಲ್ಲವಾದ್ದರಿಂದ, ನರ್ಸ್ ಕಣ್ಣಿಗಿಂತ ಕೈಯನ್ನು ಹೆಚ್ಚು ನಂಬಬೇಕು: ಸುತ್ತಲಿನ ಚರ್ಮಕ್ಕಿಂತ ಆ ಜಾಗ ಬಿಸಿಯಾಗಿದೆಯೇ, ತಣ್ಣಗಿದೆಯೇ, ಗಟ್ಟಿಯಾಗಿದೆಯೇ, ಮುಟ್ಟಿದರೆ ನೋಯುತ್ತದೆಯೇ ಎಂದು ನೋಡಬೇಕು. ಎರಡನೆಯ ಹಂತದಲ್ಲಿ ಮೇಲ್ಚರ್ಮ ಕಿತ್ತುಹೋಗುತ್ತದೆ ಅಥವಾ ಬೊಕ್ಕೆಯೇಳುತ್ತದೆ, ಮೂರನೆಯದರಲ್ಲಿ ಕೊಬ್ಬು ಕಾಣುತ್ತದೆ, ನಾಲ್ಕನೆಯದರಲ್ಲಿ ಸ್ನಾಯು ಇಲ್ಲವೇ ಮೂಳೆಯೇ ಹೊರಬೀಳುತ್ತದೆ.

ಹುಣ್ಣಾಗುವ ಅಪಾಯವನ್ನು ಅಳೆಯಲು, ರೋಗಿಯ ಸ್ಥಿತಿಗೆ ಅಂಕ ಕೊಡುವ 1962ರ ನಾರ್ಟನ್ ಮಾಪಕವೂ 1980ರ ದಶಕದ ಬ್ರೇಡನ್ ಮಾಪಕವೂ ಬಳಕೆಯಲ್ಲಿವೆ. ಬ್ರೇಡನ್ ಮಾಪಕದ ಅಂಕ 6ರಿಂದ 23ರವರೆಗೆ ಇದ್ದು, ಅಂಕ ಇಳಿದಷ್ಟೂ ಅಪಾಯ ಹೆಚ್ಚು. ಎರಡು ಗಂಟೆಗೊಮ್ಮೆ ಮಗ್ಗಲು ಬದಲಿಸುವುದು ವಾರ್ಡುಗಳ ರೂಢಿ. ಏರ್ ಬೆಡ್ ಹಾಕಿದ್ದರೂ ಇದನ್ನು ಬಿಡುವಂತಿಲ್ಲ, ಮನೆಯವರು ಹೆಚ್ಚಾಗಿ ಎಡವುವುದು ಇಲ್ಲೇ. ಪೂರ್ತಿ ಪಕ್ಕಕ್ಕೆ ಹೊರಳಿಸಿದರೆ ಭಾರವೆಲ್ಲ ಸೊಂಟದ ಪಕ್ಕದ ಮೂಳೆಯ ಮೇಲೆ ಬೀಳುವುದರಿಂದ, ಬೆನ್ನಿಗೆ ದಿಂಬು ಕೊಟ್ಟು ಸುಮಾರು 30 ಡಿಗ್ರಿಯಷ್ಟು ಮಾತ್ರ ವಾಲಿಸುವುದು ಉತ್ತಮ. ಮೀನಖಂಡದ ಕೆಳಗೆ ದಿಂಬಿಟ್ಟು ಹಿಮ್ಮಡಿಗಳು ಹಾಸಿಗೆಗೆ ತಾಗದಂತೆ ಮಾಡಬೇಕು. ಕೆಂಪಾದ ಜಾಗವನ್ನು ಸ್ಪಿರಿಟ್ ಹಚ್ಚಿ ತಿಕ್ಕುವ ಹಳೆಯ ಪದ್ಧತಿಯನ್ನೂ, ಬಳೆಯಾಕಾರದ ರಬ್ಬರ್ ದಿಂಬನ್ನೂ ಇಂದು ಬೇಡವೆನ್ನುತ್ತಾರೆ. ತಿಕ್ಕಿದರೆ ಮೊದಲೇ ನೊಂದ ಅಂಗಾಂಶ ಇನ್ನಷ್ಟು ಹರಿಯುತ್ತದೆ, ಬಳೆದಿಂಬು ತನ್ನ ಅಂಚಿನುದ್ದಕ್ಕೂ ರಕ್ತವನ್ನು ತಡೆಯುತ್ತದೆ.

ಕಠಿಣವಾದ ಪ್ರಶ್ನೆ ತಲೆಭಾಗದ ಎತ್ತರದ್ದು. ತಲೆಯನ್ನು ಎತ್ತರಿಸಿದಷ್ಟೂ ದೇಹ ಕೆಳಕ್ಕೆ ಜಾರುತ್ತದೆ, ಚರ್ಮ ಮಾತ್ರ ಹಾಸಿಗೆಯ ಬಟ್ಟೆಗೆ ಅಂಟಿಕೊಂಡೇ ಉಳಿಯುತ್ತದೆ, ನಡುವಿನ ರಕ್ತನಾಳಗಳು ಎಳೆದು ತಿರುಚಿಕೊಳ್ಳುತ್ತವೆ. ಹಾಗೆಂದು ಮೂಗಿನ ನಳಿಕೆಯಿಂದ ಆಹಾರ ಪಡೆಯುವ ರೋಗಿಯನ್ನು ಮಟ್ಟಸವಾಗಿ ಮಲಗಿಸಿದರೆ ಆಹಾರ ಶ್ವಾಸಕೋಶಕ್ಕೆ ನುಗ್ಗಬಹುದು. ಅಂಥವರಿಗೆ ತಲೆಯನ್ನು 30 ಡಿಗ್ರಿಗೆ ಏರಿಸುವ ಮುನ್ನ ಮಂಡಿಯ ಭಾಗವನ್ನು ತುಸು ಎತ್ತಿ ಜಾರುವಿಕೆಯನ್ನು ತಡೆಯಬೇಕು, ಜಾರಿದವರನ್ನು ಮೇಲೆ ತರುವಾಗ ಎಳೆಯದೆ ಇಬ್ಬರು ಸೇರಿ ಅಡ್ಡಹಾಸಿನ (ಮೈಯಡಿಗೆ ಅಡ್ಡಲಾಗಿ ಹಾಸಿದ ಬಟ್ಟೆಯ) ಸಮೇತ ಎತ್ತಬೇಕು.