ಮದುವೆ ಕ್ಯಾಸೆಟ್‌ನ ಎಂಪಿ4 ಮಾಡ್ಸೋಕೆ ಮುಂಚೆ

ಅಂಗಡಿಗೆ ಬರೋರು ಹೆಚ್ಚಾಗಿ ಕೇಳೋದು ಒಂದೇ, "ಸಾರ್ ಈ ಕ್ಯಾಸೆಟ್‌ನ ಎಂಪಿ4 ಮಾಡ್ಕೊಡಿ, ಸೈಜ್ ಮಾತ್ರ ಚಿಕ್ಕದಿರ್ಲಿ, ಅಮೇರಿಕಾದಲ್ಲಿರೋ ಮಗನಿಗೆ ವಾಟ್ಸಾಪಲ್ಲಿ ಕಳಿಸ್ಬೇಕು." ಕಳಿಸೋಕೆ ಚಿಕ್ಕ ಫೈಲ್ ಬೇಕು ಅನ್ನೋದು ಸರಿನೇ, ಆದ್ರೆ ಅದೊಂದನ್ನೇ ಮನೇಲಿಟ್ಕೊಂಡು ಕ್ಯಾಸೆಟ್ಟನ್ನ ಗುಜರಿಗೆ ಹಾಕ್ತಾರಲ್ಲ, ಅದನ್ನ ಕೇಳಿದ್ರೆ ನಂಗೆ ನಿಜವಾಗ್ಲೂ ಸಂಕಟ ಆಗುತ್ತೆ. ಇಟ್ಕೊಳ್ಳೋ ಕಾಪಿ ಬೇರೆ, ನೋಡೋ ಕಾಪಿ ಬೇರೆ. ಎರಡನ್ನೂ ಒಂದೇ ಫೈಲಲ್ಲಿ ಮುಗಿಸೋಕೆ ಹೋಗ್ಬೇಡಿ, ಇಷ್ಟು ತಲೇಲಿದ್ರೆ ಮಿಕ್ಕಿದ್ದೆಲ್ಲ ಸುಲಭ.

ಮೊದ್ಲು ವಿಎಚ್ಎಸ್. ನಮ್ಮ ಮಲೆನಾಡ ಕಡೆ ಅಲ್ಮೇರಾದಲ್ಲಿ ಸೀರೆಗಳ ಕೆಳಗೆ ಮಳೆಗಾಲ ಕಳೆದ ಕ್ಯಾಸೆಟ್ಟಿಗೆ ಬೂಷ್ಟು ಹಿಡಿದೇ ಇರೋದು ಅಪರೂಪ. ವಿಸಿಆರ್‌ಗೆ ಹಾಕೋ ಮುಂಚೆ ಕ್ಯಾಸೆಟ್ಟಿನ ಪಾರದರ್ಶಕ ಕಿಟಕಿಯಲ್ಲಿ ಟಾರ್ಚ್ ಬಿಟ್ಟು ನೋಡಿ, ಟೇಪ್ ಸುತ್ತಿರೋ ಅಂಚಿನ ಮೇಲೆ ಬಿಳಿ ಪುಡಿ ಥರ, ಇಲ್ಲಾಂದ್ರೆ ಸಣ್ಣ ಸಣ್ಣ ಬಿಳಿ ಚುಕ್ಕಿ ಕಂಡ್ರೆ ಅದನ್ನ ಪ್ಲೇ ಮಾಡ್ಲೇಬೇಡಿ. ಹಾಗೇ ಪ್ಲೇ ಮಾಡಿದ್ರೆ ಆ ಬೂಷ್ಟು ವಿಸಿಆರ್‌ನ ಹೆಡ್ಡಿಗೆ ಹತ್ಕೊಂಡು ಅಲ್ಲಿಂದ ಮುಂದಿನ ಕ್ಯಾಸೆಟ್ಟಿಗೂ ಹೋಗುತ್ತೆ, ಮಧ್ಯದಲ್ಲಿ ಟೇಪ್ ಸಿಕ್ಕಾಕ್ಕೊಂಡು ಹರಿದ್ರೂ ಹರಿಯಿತು. ಕ್ಲೀನ್ ಮಾಡೋಕೆ ಬರೋರ ಹತ್ರ ಕೊಡಿ. ಮತ್ತೆ ಇದನ್ನ ಮುಂದಿನ ವರ್ಷಕ್ಕೆ ತಳ್ಳಬೇಡಿ, ವಿಸಿಆರ್ ತಯಾರಿಸ್ತಿದ್ದ ಕೊನೇ ಕಂಪನಿ ಅಂತ ಹೆಸರಾಗಿದ್ದ ಜಪಾನಿನ ಫುನಾಯ್ 2016ರ ಜುಲೈನಲ್ಲೇ ನಿಲ್ಲಿಸಿಬಿಡ್ತು, ಈಗ ಓಡ್ತಿರೋದೆಲ್ಲ ಹಳೇ ಮೆಷಿನ್‌ಗಳು, ಹೆಡ್ ಸವೀತಾ ಇದೆ, ಸ್ಪೇರ್ ಸಿಗೋದು ಕಷ್ಟ.

ಮಿನಿಡಿವಿ, ಅಂದ್ರೆ ಹ್ಯಾಂಡಿಕ್ಯಾಮ್‌ಗೆ ಹಾಕ್ತಿದ್ದ ಚಿಕ್ಕ ಕ್ಯಾಸೆಟ್ ಇರೋರು ಅದೃಷ್ಟವಂತರು. ಅದ್ರಲ್ಲಿರೋದು ಆಗ್ಲೇ ಡಿಜಿಟಲ್, ಸೆಕೆಂಡಿಗೆ 25 ಮೆಗಾಬಿಟ್‌ ಲೆಕ್ಕದಲ್ಲಿ, ಗಂಟೆಗೆ ಹತ್ರತ್ರ 13 ಜಿಬಿ. ಫೈರ್‌ವೈರ್ ಕೇಬಲ್ ಹಾಕಿದ್ರೆ ಟೇಪಲ್ಲಿರೋದು ಇದ್ದ ಹಾಗೇ ಕಂಪ್ಯೂಟರಿಗೆ ಇಳಿಯುತ್ತೆ, ಕ್ವಾಲಿಟಿ ಒಂಚೂರೂ ಹೋಗಲ್ಲ. ಆದ್ರೆ ಕೆಲವು ಕಡೆ ಹಳದಿ-ಕೆಂಪು-ಬಿಳಿ ವೈರ್ ಚುಚ್ಚಿ, ಡಿಜಿಟಲ್ ಇದ್ದಿದ್ದನ್ನ ಅನಲಾಗ್ ಮಾಡಿ ಮತ್ತೆ ಡಿಜಿಟಲ್ ಮಾಡಿ ಕೊಡ್ತಾರೆ, ದುಡ್ಡು ಮಾತ್ರ ಅಷ್ಟೇ. ಯಾವ ಕೇಬಲಲ್ಲಿ ತೆಗೀತೀರ ಅಂತ ಕೇಳೋಕೆ ಸಂಕೋಚ ಪಡಬೇಡಿ.

ಈಗ ಕನ್ವರ್ಟ್ ವಿಷ್ಯ. ಎಂಪಿ4, ಎಂಕೆವಿ, ಎವಿಐ ಇವೆಲ್ಲ ಡಬ್ಬಗಳು ಅಷ್ಟೇ, ಒಳಗಿರೋ ಅಡುಗೆ ಅಂದ್ರೆ ಕೋಡೆಕ್, ವಿಡಿಯೋನ ಕುಗ್ಗಿಸಿ ಬರೆದಿಡೋ ವಿಧಾನ, ಅಂದ್ರೆ ಎಂಪೆಗ್2, ಎಚ್.264, ಎಚ್.265 ಇವು. ಡಬ್ಬ ಬದಲಾಯಿಸೋಕೆ ಅಡುಗೆನ ಮತ್ತೆ ಒಲೆ ಮೇಲಿಡಬೇಕಾಗಿಲ್ಲ. ಹ್ಯಾಂಡಿಕ್ಯಾಮ್‌ನ ಎಂಟಿಎಸ್ ಫೈಲಲ್ಲಿರೋದು ಎಚ್.264, ಅದನ್ನ ಎಂಪಿ4 ಮಾಡೋಕೆ ಬರೀ ಡಬ್ಬ ಬದಲಾಯಿಸಿದ್ರೆ ಸಾಕು, ಎಫ್‌ಎಫ್‌ಎಂಪೆಗ್ ಅನ್ನೋ ಫ್ರೀ ಸಾಫ್ಟ್‌ವೇರಲ್ಲಿ ಕಾಪಿ ಆಪ್ಷನ್ ಕೊಟ್ರೆ ಒಂದು ಗಂಟೆ ವಿಡಿಯೋ ಸ್ವಲ್ಪ ಹೊತ್ತಲ್ಲೇ ಮುಗಿಯುತ್ತೆ, ಕಮಾಂಡ್ ಟೈಪ್ ಮಾಡೋಕೆ ಕಷ್ಟ ಅನ್ನೋರಿಗೆ ಲಾಸ್‌ಲೆಸ್‌ಕಟ್ ಇದೆ, ಅದೂ ಒಳಗೆ ಮಾಡೋದು ಇದನ್ನೇ. ಮದುವೆ ಡಿವಿಡಿ ಇದ್ರೆ ಮೇಕ್‌ಎಂಕೆವಿ ಹಾಕಿ, ಒಂದೊಂದು ಜಿಬಿಯ ವಿಒಬಿ ತುಂಡುಗಳನ್ನೆಲ್ಲ ಸೇರಿಸಿ ಇದ್ದ ಹಾಗೇ ಒಂದು ಫೈಲ್ ಮಾಡ್ಕೊಡುತ್ತೆ. ಹ್ಯಾಂಡ್‌ಬ್ರೇಕ್ ಒಳ್ಳೆ ಸಾಫ್ಟ್‌ವೇರ್, ನಾನೂ ಬಳಸ್ತೀನಿ, ಆದ್ರೆ ಅದು ವಿಡಿಯೋನ ಯಾವಾಗ್ಲೂ ಹೊಸದಾಗೇ ಎನ್‌ಕೋಡ್ ಮಾಡೋದು, ಅಂದ್ರೆ ಅಡುಗೆನ ಮತ್ತೆ ಒಲೆ ಮೇಲಿಡೋದು, ಇದ್ದ ಹಾಗೇ ಇಡೋ ಆಪ್ಷನ್ ಅದ್ರಲ್ಲಿಲ್ಲ. ಅಂದ್ರೆ ಅದರಿಂದ ಬರೋದು ನೋಡೋ ಕಾಪಿ ಮಾತ್ರ.

ನೋಡೋ ಕಾಪಿ ಮಾಡೋವಾಗ ಹೆಚ್ಚು ಕೆಡೋದು ಎಲ್ಲಿ ಅಂತ ಹೇಳ್ತೀನಿ, ಇದು ಗೊತ್ತಿರೋರು ಕಮ್ಮಿ. ನಮ್ಮ ದೇಶದ ಹಳೇ ವಿಡಿಯೋ ಎಲ್ಲ ಪ್ಯಾಲ್ ಅನ್ನೋ ಟೀವಿ ಪದ್ಧತಿಯದ್ದು, 576 ಗೆರೆ, ಸೆಕೆಂಡಿಗೆ 25 ಫ್ರೇಮ್ ಅಂತಾರೆ, ಆದ್ರೆ ಕ್ಯಾಮೆರಾ ಹಿಡಿದಿರೋದು 50 ಅರ್ಧರ್ಧ ಚಿತ್ರಗಳನ್ನ, ಒಂದ್ಸಲ ಬೆಸ ಗೆರೆಗಳು, ಮುಂದಿನ ಸಲ ಸಮ ಗೆರೆಗಳು, ಇದಕ್ಕೆ ಇಂಟರ್‌ಲೇಸ್ ಅನ್ನೋದು. ಹಳೇ ಡಬ್ಬ ಟೀವಿ ಇದನ್ನ ಹಾಗ್ಹಾಗೇ ತೋರಿಸ್ತಿತ್ತು. ಈಗಿನ ಕಂಪ್ಯೂಟರಲ್ಲಿ ಸರಿಯಾಗಿ ಬಿಡಿಸದೇ ಕನ್ವರ್ಟ್ ಮಾಡಿದ್ರೆ ಮಂಟಪ ಚೆನ್ನಾಗೇ ಕಾಣುತ್ತೆ, ಮುಹೂರ್ತಕ್ಕೆ ಎಲ್ರೂ ಅಕ್ಷತೆ ಹಾಕೋಕೆ ಕೈ ಎತ್ತಿದ ತಕ್ಷಣ ಕೈಗಳ ಅಂಚೆಲ್ಲ ಅಡ್ಡಡ್ಡ ಸೀಳಿಹೋಗುತ್ತೆ. ಇನ್ನು ಕೆಲವರು ಅರ್ಧ ಚಿತ್ರಗಳನ್ನ ಬಿಸಾಕಿ ಬರೀ 25 ಫ್ರೇಮ್ ಇಟ್ಕೊಳ್ತಾರೆ, ಗೆರೆ ಹೋಗುತ್ತೆ, ಜೊತೆಗೆ ಆ ಸಲೀಸಾದ ಓಟನೂ ಹೋಗುತ್ತೆ, ವಾಲಗದವರ ಡೋಲು ಹೊಡೆಯೋ ಕೈ ಕುಕ್ಕಿ ಕುಕ್ಕಿ ಓಡಿದ ಹಾಗೆ ಕಾಣುತ್ತೆ. ಸರಿಯಾದ ದಾರಿ ಅಂದ್ರೆ ಆ 50 ಅರ್ಧಗಳನ್ನ 50 ಪೂರ್ತಿ ಫ್ರೇಮ್ ಮಾಡೋದು. ಹ್ಯಾಂಡ್‌ಬ್ರೇಕಲ್ಲಿ ಡಿಇಂಟರ್‌ಲೇಸ್‌ಗೆ ಬಾಬ್ ಆರಿಸಿ, ಫ್ರೇಮ್‌ರೇಟ್ 50 ಕಾನ್‌ಸ್ಟಂಟ್ ಕೊಡಿ, ಯಾಕಂದ್ರೆ ತೆರೆದ ತಕ್ಷಣ ಬರೋ ಪ್ರೀಸೆಟ್ 30 ಫ್ರೇಮ್‌ ಮೇಲೆ ಬಿಡಲ್ಲ. ಕ್ವಾಲಿಟಿ ಆರ್‌ಎಫ್ 18ರಿಂದ 20, ಎಚ್.264. ಮತ್ತೆ ದಯವಿಟ್ಟು ಹಳೇ ಟೀವಿ ಅಳತೆಯ 4:3 ಚಿತ್ರನ ಈಗಿನ ಅಗಲ ಟೀವಿಯ 16:9ಕ್ಕೆ ಎಳೀಬೇಡಿ, ತೆಳ್ಳಗಿದ್ದ ಮದುಮಗಳು ದಪ್ಪ ಕಾಣ್ತಾಳೆ, ಅಕ್ಕಪಕ್ಕ ಕಪ್ಪು ಪಟ್ಟಿ ಬಂದ್ರೆ ಬರ್ಲಿ ಬಿಡಿ.

ಇಟ್ಕೊಳ್ಳೋ ಕಾಪಿಗೆ ಜಾಗ ಬೇಕು, ಅದನ್ನ ಒಪ್ಕೊಳ್ಲೇಬೇಕು. ವಿಎಚ್ಎಸ್‌ನ ಎಫ್‌ಎಫ್‌ವಿ1 ಅನ್ನೋ ನಷ್ಟವಿಲ್ಲದ ಕೋಡೆಕ್‌ನಲ್ಲಿ ಹಿಡಿದ್ರೆ ಗಂಟೆಗೆ 25ರಿಂದ 35 ಜಿಬಿ ಹೋಗುತ್ತೆ, ಮೂರು ಗಂಟೆ ಮದುವೆಗೆ 100 ಜಿಬಿ ಅಂತ ಇಟ್ಕೊಳ್ಳಿ. ಎಷ್ಟೋ ದೊಡ್ಡ ಆರ್ಕೈವ್‌ಗಳೂ ಈ ಕೋಡೆಕ್ಕೇ ಬಳಸೋದು. 2 ಟಿಬಿ ಹಾರ್ಡ್ ಡಿಸ್ಕಲ್ಲಿ ಒಂದು ಮನೆತನದ ಕ್ಯಾಸೆಟ್ಟೆಲ್ಲ ಹಿಡಿಯುತ್ತೆ. ಆದ್ರೆ ಡಿಸ್ಕ್ ಎರಡು ತಗೊಳ್ಳಿ, ಎರಡನೇದು ಬೇರೆ ಊರಲ್ಲಿರೋ ತಂಗಿ ಮನೇಲಿರ್ಲಿ, ವರ್ಷಕ್ಕೊಂದ್ಸಲ ಹಬ್ಬಕ್ಕೆ ಹೋದಾಗ ಹಾಕಿ ತೆರೆದು ನೋಡಿ. ರೇಡ್, ಅಂದ್ರೆ ಒಂದೇ ಡೇಟಾನ ಎರಡು ಡಿಸ್ಕಲ್ಲಿ ಒಟ್ಟಿಗೇ ಬರೆಯೋ ಏರ್ಪಾಡು, ಹಾಕಿದೀನಿ ಬ್ಯಾಕಪ್ ಯಾಕೆ ಅನ್ನೋರಿದ್ದಾರೆ, ರೇಡಲ್ಲಿ ಒಂದು ಕಡೆ ಡಿಲೀಟ್ ಆದ್ರೆ ಇನ್ನೊಂದು ಕಡೆನೂ ಆಗುತ್ತೆ, ಅದು ಬ್ಯಾಕಪ್ ಅಲ್ಲ. ಎಸ್‌ಎಸ್‌ಡಿನ ಕರೆಂಟ್ ಕೊಡದೇ ವರ್ಷಗಟ್ಟಲೆ ಬೀರುವಲ್ಲಿಟ್ರೆ ಡೇಟಾ ಹೋಗೋ ಸಾಧ್ಯತೆ ಇದೆ, ಇದಕ್ಕೆ ಅದು ಬೇಡ. ಗೂಗಲ್ ಫೋಟೋಸ್‌ನ ಫ್ರೀ ಅನ್‌ಲಿಮಿಟೆಡ್ 2021ರ ಜೂನ್ 1ಕ್ಕೇ ನಿಂತಿದೆ, ಈಗ ಸಿಗೋ 15 ಜಿಬಿಗೆ ಒಂದು ಮದುವೆನೂ ಹಿಡಿಯಲ್ಲ, ಅದೂ ಸ್ಟೋರೇಜ್ ಸೇವರ್ ಹಾಕಿದ್ರೆ ಅವರು ಕುಗ್ಗಿಸೇ ಇಡೋದು.

ಇನ್ನು ಮನೆ ಟೀವಿಲಿ ನೋಡೋದು. ಹಳೇ ಲ್ಯಾಪ್‌ಟಾಪ್ ಒಂದಿದ್ರೆ ಅದಕ್ಕೆ ಜೆಲ್ಲಿಫಿನ್ ಹಾಕಿ, ಒಂದು ಕಂಪ್ಯೂಟರಲ್ಲಿರೋ ವಿಡಿಯೋಗಳನ್ನ ಟೀವಿಗೆ, ಫೋನಿಗೆ ಕಳಿಸೋ ಸಾಫ್ಟ್‌ವೇರ್ ಅದು, ಫ್ರೀ, ಆನ್‌ಲೈನ್ ಅಕೌಂಟೂ ಬೇಡ. ಲೈಬ್ರರಿ ಮಾಡೋವಾಗ ಸಿನಿಮಾ ಅಂತ ಕೊಡ್ಬೇಡಿ, ಹೋಮ್ ವಿಡಿಯೋ ಅಂತ ಕೊಡಿ, ಇಲ್ಲಾಂದ್ರೆ ನಿಮ್ಮ ಅಕ್ಕನ ಸೀಮಂತಕ್ಕೆ ನೆಟ್ಟಿಂದ ಯಾವುದೋ ಸಿನಿಮಾ ಪೋಸ್ಟರ್ ತಂದು ಅಂಟಿಸುತ್ತೆ. ಫೈಲ್ ಹೆಸರಲ್ಲಿ ಮೊದ್ಲು ವರ್ಷ, ತಿಂಗಳು, ತಾರೀಕು, ಆಮೇಲೆ ಏನು ಯಾರ್ದು ಅಂತ ಹಾಕಿದ್ರೆ ತಾನಾಗೇ ವರಸೆಯಾಗಿ ಕೂತ್ಕೊಳ್ಳುತ್ತೆ. ಓಡೋವಾಗ ಜೆಲ್ಲಿಫಿನ್ ಡ್ಯಾಶ್‌ಬೋರ್ಡ್ ನೋಡಿ, ಡೈರೆಕ್ಟ್ ಪ್ಲೇ ಅಂತಿದ್ರೆ ಫೈಲ್ ಇದ್ದ ಹಾಗೇ ಹೋಗ್ತಿದೆ ಅಂತ, ಟ್ರಾನ್ಸ್‌ಕೋಡ್ ಅಂತಿದ್ರೆ ಪಾಪ ಆ ಲ್ಯಾಪ್‌ಟಾಪ್ ಅಲ್ಲೇ ಕೂತು ಎನ್‌ಕೋಡ್ ಮಾಡ್ತಾ ಒದ್ದಾಡ್ತಿದೆ ಅಂತ. ಚಿತ್ರ ಬರ್ತಿದೆ ಸೌಂಡ್ ಇಲ್ಲ ಅಂದ್ರೆ ಡಿವಿಡಿಯ ಎಸಿ3 ಆಡಿಯೋ ಆ ಟೀವಿಗೆ ಅರ್ಥ ಆಗ್ತಿಲ್ಲ ಅಂತ ಎಷ್ಟೋ ಸಲ, ಆಡಿಯೋ ಒಂದನ್ನ ಎಎಸಿ ಮಾಡಿ ಸಾಕು, ವಿಡಿಯೋ ಮುಟ್ಟಬೇಡಿ.

ಅಮೇರಿಕಾದ ಮಗನಿಗೂ ಇದೇ ಸಾಲುತ್ತೆ, ವಾಟ್ಸಾಪ್ ಬೇಕಾಗಿಲ್ಲ. ನಮ್ಮ ಕಡೆ ಬಹಳಷ್ಟು ಇಂಟರ್‌ನೆಟ್ ಕನೆಕ್ಷನ್‌ಗಳು ಹೊರಗಿನ ಒಂದೇ ವಿಳಾಸನ ಸುಮಾರು ಮನೆಗಳಿಗೆ ಹಂಚ್ತವೆ, ಹಾಗಾಗಿ ರೌಟರಲ್ಲಿ ಪೋರ್ಟ್ ತೆರೆದ್ರೂ ಹೊರಗಿಂದ ಬರೋಕಾಗಲ್ಲ. ಟೇಲ್‌ಸ್ಕೇಲ್ ಅಂತ ಒಂದು ಆ್ಯಪ್ ಇದೆ, ಬೇರೆ ಬೇರೆ ಊರಲ್ಲಿರೋ ಮೆಷಿನ್‌ಗಳನ್ನ ಒಂದೇ ನೆಟ್‌ವರ್ಕಿಗೆ ಸೇರಿಸುತ್ತೆ, ಇಲ್ಲಿ ಲ್ಯಾಪ್‌ಟಾಪಿಗೂ ಅಲ್ಲಿ ಅವನ ಫೋನಿಗೂ ಹಾಕಿದ್ರೆ ಅವನು ಇದೇ ಮನೇಲಿರೋ ಹಾಗೆ ಜೆಲ್ಲಿಫಿನ್ ತೆಗೀಬಹುದು. ಇಡೀ ಮದುವೆ ನೋಡೋಕೆ ಪುರುಸೊತ್ತಿಲ್ಲ, ಧಾರೆ ಅಷ್ಟೇ ಬೇಕು ಅಂದ್ರೆ ಲಾಸ್‌ಲೆಸ್‌ಕಟ್‌ನಲ್ಲಿ ನೋಡೋ ಕಾಪಿಯ ಆ ಹತ್ತು ನಿಮಿಷ ಕತ್ತರಿಸಿ, ವಾಟ್ಸಾಪಲ್ಲಿ ವಿಡಿಯೋ ಅಂತ ಅಲ್ಲ, ಡಾಕ್ಯುಮೆಂಟ್ ಅಂತ ಕಳಿಸಿ, ಕುಗ್ಗದೇ ಹೋಗುತ್ತೆ.