ಸೀತಾಳೆಯ ಬೇರಿಗೆ ಬೋರ್‌ವೆಲ್ ನೀರು

"ನಲ್ಲಿ ನೀರನ್ನು ರಾತ್ರಿಯಿಡೀ ಬಕೆಟ್‌ನಲ್ಲಿ ಬಿಟ್ಟು ಆರ್ಕಿಡ್‌ಗೆ ಹಾಕಿ, ಏನೂ ಆಗಲ್ಲ." ಈ ಸಲಹೆ ಕೇಳಿ ಕೇಳಿ ನನಗೆ ಸಾಕಾಗಿದೆ. ಹಾಗೆ ಬಿಟ್ಟರೆ ಹೋಗುವುದು ಕ್ಲೋರಿನ್ ಮಾತ್ರ. ನಲ್ಲಿಯಲ್ಲಿ ಬರುವುದು ಬೋರ್‌ವೆಲ್ ನೀರಾದರೆ ಅದರ ತೊಂದರೆ ಕ್ಲೋರಿನ್ ಅಲ್ಲ, ಬಂಡೆಯಿಂದ ಕರಗಿ ಬಂದ ಕ್ಯಾಲ್ಸಿಯಂ, ಮೆಗ್ನೀಸಿಯಂ, ಬೈಕಾರ್ಬನೇಟ್. ಇವು ಗಾಳಿಗೆ ಹಾರಿಹೋಗುವುದಿಲ್ಲ. ಗೀಸರ್ ಕಾಯಿಲ್ ಮೇಲೆ ಬಿಳಿಯಾಗಿ ಕೂರುತ್ತವಲ್ಲ, ಅವೇ.

ಮಲೆನಾಡಿನ ಹಲಸಿನ ಮರದಲ್ಲಿ ಸೀತಾಳೆ ದಂಡೆ ನೇತಾಡುವುದನ್ನು ನೋಡಿದ್ದೀರಾ? ಅದೂ ಆರ್ಕಿಡ್. ಅದಕ್ಕೆ ಮಣ್ಣೇ ಇಲ್ಲ. ತೊಗಟೆಯ ದೂಳು, ಕೊಳೆತ ಎಲೆಯ ಸಾರ ತೊಳೆದು ಬರುವ ಮೊದಲ ಮಳೆಯೇ ಅದರ ಊಟ. ಅದನ್ನು ಹಿಡಿಯಲೆಂದೇ ಬೇರಿನ ಸುತ್ತ ವೆಲಾಮೆನ್ ಎಂಬ ಬಿಳಿ ಪದರವಿದೆ. ಬೆಳೆದ ಮೇಲೆ ಅದರ ಜೀವಕೋಶಗಳೆಲ್ಲ ಸತ್ತು ಟೊಳ್ಳಾಗಿರುತ್ತವೆ. ಚೆಲ್ಲಿದ ಸಾರನ್ನು ಮಸಿಬಟ್ಟೆ ಎಳೆದುಕೊಳ್ಳುವ ಹಾಗೆ ಅದು ನೀರನ್ನು ಎಳೆಯುತ್ತದೆ. ಜರ್ಮನಿಯ ಸಸ್ಯ ಸಂಶೋಧಕರಾದ ಗೆರ್ಹಾರ್ಡ್ ಜೋಟ್ಸ್ ಮತ್ತು ಉವೆ ವಿಂಕ್ಲರ್ 2013ರಲ್ಲಿ ಇದನ್ನು ಅಳೆದರು. ಹೀರಲು ಸೆಕೆಂಡುಗಳು ಸಾಕು, ಒಣಗಲು ಗಂಟೆಗಳೇ ಬೇಕು. ಇನ್ನೂ ಸೊಗಸಾದ ಸಂಗತಿ ಎಂದರೆ, ವಿದ್ಯುದಾವೇಶವಿರುವ ಲವಣದ ಕಣಗಳನ್ನು ವೆಲಾಮೆನ್ ಹಿಡಿದಿಟ್ಟುಕೊಳ್ಳುತ್ತದೆ! ಬರಗಾಲ ಕಂಡ ಅಜ್ಜಿ ಮೊರದಿಂದ ಒಂದು ಕಾಳೂ ಜಾರಲು ಬಿಡುವುದಿಲ್ಲ, ಅಲ್ವಾ? ಹಾಗೆ.

ಇಂಥ ಬೇರಿಗೆ ಕ್ಯಾಲ್ಸಿಯಂ, ಮೆಗ್ನೀಸಿಯಂ ತುಂಬಿದ ಗಡಸು ನೀರು ಕೊಟ್ಟರೆ? ಬೇಡ ಎನ್ನಲು ಅದಕ್ಕೆ ಗೊತ್ತಿಲ್ಲ. ಪ್ರತಿ ಸಲ ಒಣಗಿದಾಗಲೂ ನೀರು ಹೋಗುತ್ತದೆ, ಉಪ್ಪು ಉಳಿಯುತ್ತದೆ. ಕೊನೆಗೆ ಬೇರಿನ ತುದಿ ಕಪ್ಪಾಗುತ್ತದೆ. ಜನ ನೀರು ಜಾಸ್ತಿಯಾಯ್ತು ಅಂತಾರೆ, ದೃಷ್ಟಿಯಾಯ್ತು ಅಂತಲೂ ಹೇಳ್ತಾರೆ.

ಕುಡಿಯುವ ನೀರಿಗೆ ನಮ್ಮ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಒಪ್ಪುವ ಟಿಡಿಎಸ್, ಅಂದರೆ ನೀರಿನಲ್ಲಿ ಕರಗಿರುವ ಒಟ್ಟು ಲವಣಾಂಶ, ಲೀಟರಿಗೆ 500 ಮಿಲಿಗ್ರಾಂ. ಆರ್ಕಿಡ್‌ಗೆ 100ರ ಆಸುಪಾಸು ಇದ್ದರೆ ನೆಮ್ಮದಿ. ಸಣ್ಣ ಟಿಡಿಎಸ್ ಮೀಟರ್ ಕೊಂಡು ಅಳೆಯಿರಿ. 800 ತೋರಿಸಿದರೆ ಒಂದು ಚೆಂಬು ಬೋರ್‌ವೆಲ್ ನೀರಿಗೆ ಏಳೆಂಟು ಚೆಂಬು ಮಳೆನೀರು ಬೆರೆಸಿ. ಮನೆಯ ಸಾಫ್ಟ್‌ನರ್ ನೀರು ಬೇಡವೇ ಬೇಡ, ಅದು ಕ್ಯಾಲ್ಸಿಯಂ ತೆಗೆದು ಸೋಡಿಯಂ ತುಂಬುತ್ತದೆ. ಆರ್‌ಒ ಫಿಲ್ಟರ್ ಹೊರಚೆಲ್ಲುವ ನೀರಂತೂ ಇನ್ನೂ ಕೆಟ್ಟದ್ದು.

ಮಳೆನೀರು ಸಿಕ್ಕ ದಿನ ಕುಂಡದ ತಳದಿಂದ ಧಾರಾಳವಾಗಿ ಹರಿದುಹೋಗುವಷ್ಟು ಸುರಿಯಿರಿ, ಕೂತ ಉಪ್ಪು ತೊಳೆದುಹೋಗಲಿ. ಆಮೇಲೆ ಬೇರನ್ನೇ ನೋಡುತ್ತಿರಿ. ಬೂದುಬಣ್ಣದ ಬೇರು ಕಣ್ಣೆದುರೇ ಹಸಿರಾಗುತ್ತದೆ.